ಎಂಟು ಮಕ್ಕಳು, 30 ನಿಮಿಷ: ಹೈಸ್ಕೂಲ್ ವಿಜ್ಞಾನ ನಾಟಕ ಸ್ಪರ್ಧೆಗೆ ತಯಾರಾಗುವುದು ಹೇಗೆ

ವಿಜ್ಞಾನ ನಾಟಕ ಸ್ಪರ್ಧೆಯಲ್ಲಿ ಹಿಂದೆ ಬೀಳುವ ತಂಡಗಳ ಹಣೆಬರಹ ಸ್ಕ್ರಿಪ್ಟ್ ಬರೆಯುವಾಗಲೇ ನಿರ್ಧಾರವಾಗಿರುತ್ತದೆ. ಬಿಳಿ ಕೋಟು ತೊಟ್ಟ ಹುಡುಗ ಬಂದು ಐದು ನಿಮಿಷ ಪಾಠ ಒಪ್ಪಿಸುತ್ತಾನೆ, ಉಳಿದವರು ತಲೆಯಾಡಿಸುತ್ತಾರೆ, ಕೊನೆಗೆ ಎಲ್ಲರೂ ಸಾಲಾಗಿ ನಿಂತು ಘೋಷಣೆ ಕೂಗುತ್ತಾರೆ. ಅಷ್ಟು ಹೊತ್ತಿಗೆ ಸಭಾಂಗಣದ ಮಕ್ಕಳು ಪಕ್ಕದವರ ಜೊತೆ ಹರಟೆಗೆ ಇಳಿದಿರುತ್ತಾರೆ. ಇದೇ ಮಕ್ಕಳು ಮುಂದೇನಾಗುತ್ತದೋ ಎಂದು ಕತ್ತು ಚಾಚಿ ಕೂತರೆ, ರಂಗದ ಮೇಲಿರುವ ಎಂಟು ಜನರಿಗೆ ಅದು ತಕ್ಷಣ ಗೊತ್ತಾಗುತ್ತದೆ. ಸ್ಪರ್ಧೆಯ ರೋಮಾಂಚನ ಇರುವುದು ಅಲ್ಲಿ. ಅದನ್ನು ಬರವಣಿಗೆಯಲ್ಲೇ ಕಟ್ಟಿಕೊಳ್ಳಬೇಕು.

ಮೊದಲು ನಿಯಮಗಳು. ರಾಷ್ಟ್ರೀಯ ವಿಜ್ಞಾನ ವಸ್ತುಸಂಗ್ರಹಾಲಯಗಳ ಪರಿಷತ್ತು ನಡೆಸುವ ಈ ಸ್ಪರ್ಧೆ ಕೆಳಹಂತಗಳಿಂದ ಶುರುವಾಗಿ ರಾಜ್ಯಮಟ್ಟ, ದಕ್ಷಿಣ ಭಾರತ ಮಟ್ಟ ದಾಟಿ ರಾಷ್ಟ್ರಮಟ್ಟಕ್ಕೆ ಹೋಗುತ್ತದೆ. ನಮ್ಮಲ್ಲಿ ಬೆಂಗಳೂರು ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯ ಇದರ ಕೇಂದ್ರ. ಒಂದು ತಂಡದಲ್ಲಿ ಹೆಚ್ಚೆಂದರೆ 8 ವಿದ್ಯಾರ್ಥಿಗಳು, ನಾಟಕಕ್ಕೆ ಹೆಚ್ಚೆಂದರೆ 30 ನಿಮಿಷ. 100 ಅಂಕಗಳಲ್ಲಿ 50 ಪ್ರದರ್ಶನಕ್ಕೆ, 30 ವಿಜ್ಞಾನದ ವಿಷಯಕ್ಕೆ, 20 ಒಟ್ಟು ಪರಿಣಾಮಕ್ಕೆ ಎಂಬುದು ರೂಢಿಯ ಹಂಚಿಕೆ. ಪ್ರತಿ ವರ್ಷ ಒಂದು ಮುಖ್ಯ ವಿಷಯವನ್ನೂ ಅದರಡಿ ಉಪವಿಷಯಗಳನ್ನೂ ಕೊಡುತ್ತಾರೆ. ಸುತ್ತೋಲೆ ಕೈಗೆ ಸಿಕ್ಕ ದಿನವೇ ಮೂರು ಸಂಗತಿ ಖಚಿತಪಡಿಸಿಕೊಳ್ಳಿ: ವಾದ್ಯ ನುಡಿಸುವವರು ಎಂಟರ ಲೆಕ್ಕಕ್ಕೆ ಸೇರುತ್ತಾರೆಯೇ, ಗಡಿಯಾರ ಘೋಷಣೆಯಿಂದ ಓಡುತ್ತದೆಯೇ ಅಥವಾ ತೆರೆ ಸರಿದ ಮೇಲೆಯೇ, ಸಾರಾಂಶವನ್ನು ಯಾವ ಭಾಷೆಯಲ್ಲಿ ಕೊಡಬೇಕು.

ವಿಷಯ: ನಿಮ್ಮ ಜಿಲ್ಲೆಯಲ್ಲೇ ಇದೆ

ನ್ಯೂಟನ್ ಸೇಬಿನ ನಾಟಕ ಎಲ್ಲ ತಾಲ್ಲೂಕಿನಲ್ಲೂ ಬರುತ್ತದೆ. ಚಿಕ್ಕಬಳ್ಳಾಪುರದ ಮಕ್ಕಳಿಗೆ ಕೊಳವೆಬಾವಿಯ ಫ್ಲೋರೈಡ್ ಇದೆ, ಬೆಂಗಳೂರಿನವರಿಗೆ ಬೆಳ್ಳಂದೂರು ಕೆರೆಯ ನೊರೆ ಇದೆ. ಇಲ್ಲಿ ಮಲೆನಾಡಿನ ಮಂಗನ ಕಾಯಿಲೆಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ, ಯಾಕೆಂದರೆ ಅದು ಹುಟ್ಟಾ ಪತ್ತೇದಾರಿ ಕಥೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು, ಸುತ್ತಲಿನ ಊರುಗಳಲ್ಲಿ ಜ್ವರ ಎದ್ದಿತು. ಸೊಳ್ಳೆಯಿಂದ ಹರಡುವ ಆಫ್ರಿಕಾದ ಹಳದಿ ಜ್ವರ ಏಷ್ಯಾಕ್ಕೂ ಕಾಲಿಟ್ಟಿತೇ ಎಂಬ ಭಯ ತಜ್ಞರಿಗೆ. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಹುಡುಕಿದಾಗ ಸಿಕ್ಕಿದ್ದು ಹೊಸದೇ ಆದ ವೈರಸ್. ಅದನ್ನು ಹರಡುತ್ತಿದ್ದದ್ದು ಸೊಳ್ಳೆಯಲ್ಲ, ಪ್ರಾಣಿಗಳ ಮೈಗೆ ಅಂಟಿ ರಕ್ತ ಹೀರುವ ಉಣುಗು.

26 ನಿಮಿಷಕ್ಕೆ ಬರೆಯಿರಿ, 30ಕ್ಕಲ್ಲ. ಸ್ಪರ್ಧೆಯ ದಿನ ಪ್ರೇಕ್ಷಕರ ನಗು, ಚಪ್ಪಾಳೆ, ಸಿಕ್ಕಿಕೊಂಡ ತೆರೆ ಎಲ್ಲ ಸೇರಿ ಎರಡು ಮೂರು ನಿಮಿಷ ನುಂಗುತ್ತವೆ. ಮೊದಲ ದೃಶ್ಯಕ್ಕೆ 4 ನಿಮಿಷ: ಬೇಸಿಗೆ, ಕಾಡಿನಲ್ಲಿ ದರಗು (ಉದುರಿದ ಒಣ ಎಲೆ) ಗುಡಿಸಲು ಹೋದ ಹುಡುಗಿ ಸತ್ತ ಮಂಗ ನೋಡುತ್ತಾಳೆ. ಎರಡನೆಯದಕ್ಕೆ 6: ಊರಿನಲ್ಲಿ ಜ್ವರ, ಜೊತೆಗೆ ಗಾಳಿಸುದ್ದಿ. ಮೂರನೆಯದು ನಾಟಕದ ಬೆನ್ನೆಲುಬು, ಅದಕ್ಕೆ 8 ನಿಮಿಷ ಕೊಡಿ. ಇಲ್ಲಿ ಮೂರು ಶಂಕೆಗಳು ಒಂದೊಂದಾಗಿ ಬೀಳಬೇಕು, ಪ್ರತಿಯೊಂದೂ ಕಾರಣ ಸಹಿತ. ಬಾವಿ ನೀರೇ? ಇಡೀ ಊರು ಅದನ್ನೇ ಕುಡಿಯುತ್ತದೆ, ಜ್ವರ ಬಂದದ್ದು ಕಾಡಿಗೆ ಹೋದವರಿಗೆ. ಮನುಷ್ಯರಿಂದ ಮನುಷ್ಯರಿಗೆ ಅಂಟುತ್ತದೆಯೇ? ಪಕ್ಕದಲ್ಲೇ ಕೂತು ಆರೈಕೆ ಮಾಡಿದ ಅಜ್ಜಿಗೆ ಏನೂ ಆಗಿಲ್ಲ. ಸೊಳ್ಳೆಯೇ? ಪ್ರಯೋಗಾಲಯದಲ್ಲಿ ಸಿಕ್ಕ ವೈರಸ್ ಹಳದಿ ಜ್ವರದ್ದಲ್ಲ, ರಷ್ಯಾದಲ್ಲಿ ಉಣುಗಿನಿಂದ ಹರಡುವ ಮಿದುಳುಜ್ವರದ ವೈರಸ್‌ಗಳ ಬಳಗದ್ದು. ನಾಲ್ಕನೆಯ ದೃಶ್ಯ 5 ನಿಮಿಷ, ಉಣುಗು ಬಯಲಿಗೆ ಬರುತ್ತದೆ. ಕೊನೆಯ 3 ನಿಮಿಷದಲ್ಲಿ ಹುಡುಗಿಯ ಮನೆಯವರು ಒಂದು ತೀರ್ಮಾನ ತೆಗೆದುಕೊಳ್ಳಬೇಕು: ಹೊಟ್ಟೆಪಾಡಿಗೆ ಕಾಡಿಗೆ ಹೋಗಲೇಬೇಕು, ಹೋಗುವುದು ಹೇಗೆ? ಮೈಗೆ ಉಣುಗು ಹತ್ತದಂತೆ ಹಚ್ಚುವ ಡೀಪಾ ಎಣ್ಣೆ, ತುಂಬು ಬಟ್ಟೆ, ಮನೆಗೆ ಬಂದೊಡನೆ ಬಿಸಿನೀರ ಸ್ನಾನ, ಸತ್ತ ಮಂಗದ ಸುದ್ದಿ ಕೂಡಲೇ ಆರೋಗ್ಯ ಕೇಂದ್ರಕ್ಕೆ. ಇವೆಲ್ಲ ಸಂಭಾಷಣೆಯ ಜಗಳದಲ್ಲಿ ಬಂದುಹೋಗಲಿ. ಘೋಷಣೆ ಬೇಡ.

ಸ್ಕ್ರಿಪ್ಟ್ ಮುಗಿದ ಮೇಲೆ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ತೋರಿಸಿ. ಈ ವಿಷಯದಲ್ಲಿ ಸಾಮಾನ್ಯವಾಗಿ ನುಸುಳುವ ತಪ್ಪು ‘ಮಂಗ ಕಚ್ಚಿದರೆ ರೋಗ ಬರುತ್ತದೆ’ ಎಂಬುದು. ಮಂಗ ಸತ್ತಾಗ ಅದರ ಮೈಮೇಲಿದ್ದ ಉಣುಗುಗಳು ಕೆಳಗುದುರಿ ಆ ಜಾಗವನ್ನೇ ಅಪಾಯದ ತಾಣ ಮಾಡುತ್ತವೆ. ತೀರ್ಪುಗಾರರ ಸಾಲಿನಲ್ಲಿ ವಿಜ್ಞಾನ ಬಲ್ಲವರೂ ಇರುತ್ತಾರೆ, ಇಂಥ ಒಂದು ತಪ್ಪು ಸಾಲು ಸಾಕು ಅಂಕ ಹೋಗಲು.

ರಂಗದ ಮೇಲೆ ಏನೇನು ಬೇಕು

ಹತ್ತಿರದಿಂದಲೂ ಕಷ್ಟಪಟ್ಟು ನೋಡಬೇಕಾದಷ್ಟು ಚಿಕ್ಕ ಉಣುಗನ್ನು ಕೊನೆಯ ಸಾಲಿಗೆ ತೋರಿಸುವುದು ಹೇಗೆ? ಕಪ್ಪು ಕೊಡೆಯಿಂದ. ಸಾಮಾನ್ಯ ಕೊಡೆಗೆ ಎಂಟು ಕಡ್ಡಿ, ಮರಿ ಹಂತ ದಾಟಿದ ಉಣುಗಿಗೂ ಎಂಟು ಕಾಲು. (ಮೊಟ್ಟೆಯೊಡೆದು ಬಂದ ಮರಿಗೆ ಆರೇ ಕಾಲು. ಕೇಳಿದರೆ ಹೇಳಲು ಮಕ್ಕಳಿಗೆ ಗೊತ್ತಿರಲಿ.) ಮಂಗ ಸತ್ತು ಬಿದ್ದ ಕ್ಷಣದಲ್ಲಿ ಅದರ ಹಿಂದಿನಿಂದ ನಾಲ್ಕು ಕೊಡೆಗಳು ಒಟ್ಟಿಗೆ ತೆರೆದುಕೊಂಡು ನೆಲದ ಮೇಲೆ ಹರಡಿದರೆ ವಿವರಣೆಯ ಅರ್ಧ ಭಾಗ ಸ್ಕ್ರಿಪ್ಟಿನಿಂದ ಹೊಡೆದುಹಾಕಬಹುದು. ಗುಂಡಿ ಒತ್ತಿದರೆ ತೆರೆಯುವ ಕೊಡೆ ಬೇಡ. ಸ್ಪ್ರಿಂಗ್ ಸಿಕ್ಕಿಕೊಂಡರೆ ಇಡೀ ದೃಶ್ಯ ಕುಸಿಯುತ್ತದೆ. ಕೈಯಿಂದ ತಳ್ಳಿ ತೆರೆಯುವುದನ್ನೇ ತನ್ನಿ, ಜೊತೆಗೆ ಒಂದು ಹೆಚ್ಚುವರಿ ಇರಲಿ.

ಮಂಗಕ್ಕೆ ಅರ್ಧ ಮುಖವಾಡ, ಬಾಯಿ ತೆರೆದಿರಬೇಕು. ಪೂರ್ತಿ ಮುಖವಾಡ ಹಾಕಿದರೆ ಮಾತು ಒಳಗೇ ಉಳಿಯುತ್ತದೆ. ಹಳೆ ಪತ್ರಿಕೆಯ ಚೂರುಗಳನ್ನು ಮೈದಾ ಅಂಟಿನಲ್ಲಿ ಅದ್ದಿ ಆರು ಪದರ ಹಚ್ಚಿ, ಎರಡೆರಡು ಪದರಕ್ಕೊಮ್ಮೆ ಒಣಗಿಸಿ. ಅವಸರದಲ್ಲಿ ಒಟ್ಟಿಗೆ ಹಚ್ಚಿದರೆ ಒಳಗೆ ಬೂಸ್ಟು ಹಿಡಿಯುತ್ತದೆ. ಅಂಟಿಗೆ ಚಿಟಿಕೆ ಮೈಲುತುತ್ತು ಹಾಕುವ ರೂಢಿಯುಂಟು, ಅದು ವಿಷ, ಮಕ್ಕಳ ಮುಖಕ್ಕೆ ಬೇಡ.

ಸಜ್ಜಿಕೆಗೆ 18 ಅಂಗುಲದ ನಾಲ್ಕು ಪ್ಲೈವುಡ್ ಪೆಟ್ಟಿಗೆ ಸಾಕು. ಜಗಲಿ, ಆಸ್ಪತ್ರೆಯ ಮಂಚ, ಪ್ರಯೋಗಾಲಯದ ಮೇಜು ಎಲ್ಲವೂ ಅವೇ. ಬಸ್ಸಿನ ಮೇಲೆ ಹೋಗದ ಯಾವುದನ್ನೂ ಮಾಡಬೇಡಿ. ಎಂಟು ಜನರೂ ಒಂದೇ ಗಾಢ ಬಣ್ಣದ ಉಡುಪು ತೊಡಲಿ, ಪಾತ್ರ ಬದಲಾದಾಗ ಒಂದು ಶಾಲು ಅಥವಾ ಟೋಪಿ ಮಾತ್ರ ಬದಲಾಗಲಿ. ಆಗ ವೇಷ ಬದಲಿಸಲು 15 ಸೆಕೆಂಡು ಸಾಕು.

ಬೆಳಕನ್ನು ನಂಬಬೇಡಿ. ಕೆಳಹಂತದ ಸ್ಪರ್ಧೆಗಳು ಹಗಲಿನಲ್ಲಿ, ಟ್ಯೂಬ್‌ಲೈಟಿನ ಕೆಳಗೆ ನಡೆಯುತ್ತವೆ. ಕತ್ತಲಾದಾಗ ದೃಶ್ಯ ಬದಲಿಸುತ್ತೇವೆಂದು ಬರೆದುಕೊಂಡ ತಂಡ ಅಲ್ಲಿ ಎಲ್ಲರೆದುರೇ ಪೆಟ್ಟಿಗೆ ಎಳೆದಾಡಬೇಕಾಗುತ್ತದೆ. ದೃಶ್ಯ ಬದಲಾವಣೆಯನ್ನು ಮೇಳದ ಎರಡು ಸಾಲಿನ ಹಾಡಿನಲ್ಲಿ, ಪೆಟ್ಟಿಗೆಗಳ ಸಮೇತ, ನೃತ್ಯದ ಹಾಗೆ ಮಾಡಿ. ಪೆನ್ ಡ್ರೈವ್ ಸಂಗೀತಕ್ಕಿಂತ ದಮ್ಮಡಿ, ಗೆಜ್ಜೆ, ಎರಡು ಬಿದಿರ ತುಂಡು ಮೇಲು. ಸಿಕ್ಕಿದ ವಸ್ತುಗಳಿಂದ ರಂಗಸಂಗೀತ ಹೊರಡಿಸಿದ ಬಿ.ವಿ. ಕಾರಂತರ ನಾಡಿನವರು ನಾವು. ಒಣ ಎಲೆ ತುಂಬಿದ ಗೋಣಿಚೀಲವನ್ನು ತುಳಿದರೆ ಕಾಡಿನ ಸದ್ದು ಬಂದೀತು.

ತಾಲೀಮು

ಆರು ವಾರ ಬೇಕು. ಮೊದಲ ವಾರ ಕೂತು ಓದುವುದು ಮಾತ್ರ. ಎರಡು, ಮೂರನೆಯ ವಾರ ದೃಶ್ಯ ದೃಶ್ಯವಾಗಿ ಚಲನೆ. ನಾಲ್ಕನೆಯ ವಾರದಿಂದ ಕೈಯಲ್ಲಿ ಕಾಗದ ಇರಬಾರದು. ಐದನೆಯ ವಾರದಿಂದ ಪ್ರತಿ ದಿನವೂ ಪೂರ್ತಿ ನಾಟಕ, ಕೈಗಡಿಯಾರ ಹಿಡಿದು, ಪ್ರತಿ ದೃಶ್ಯದ ಸಮಯ ಬರೆದಿಟ್ಟುಕೊಂಡು. ಮಕ್ಕಳು ಸಲೀಸಾದಂತೆ ವೇಗ ಹೆಚ್ಚುತ್ತದೆ. 26 ನಿಮಿಷದ ನಾಟಕ 21ಕ್ಕೆ ಇಳಿದರೆ ಖುಷಿಪಡಬೇಡಿ, ಒಬ್ಬರು ಮತ್ತೊಬ್ಬರ ಮಾತು ಕೇಳಿಸಿಕೊಳ್ಳುವುದನ್ನು ಬಿಟ್ಟಿದ್ದಾರೆ ಎಂದರ್ಥ.

ಕನ್ನಡದ ವಾಕ್ಯದಲ್ಲಿ ಅರ್ಥ ಬಾಲದಲ್ಲಿರುತ್ತದೆ. ‘ಅಜ್ಜಿಗೆ ಜ್ವರ ಬಂದಿಲ್ಲ’ ಎನ್ನುವಾಗ ಹುಡುಗಿ ಕೊನೆಯ ‘ಇಲ್ಲ’ವನ್ನು ನುಂಗಿದರೆ ಇಡೀ ತನಿಖೆ ತಲೆಕೆಳಗಾಗುತ್ತದೆ. ಹೈಸ್ಕೂಲ್ ಮಕ್ಕಳೆಲ್ಲರೂ ಕ್ರಿಯಾಪದ ನುಂಗುತ್ತಾರೆ, ಉಸಿರು ಅಲ್ಲಿಗೆ ಮುಗಿದಿರುತ್ತದೆ. ಉಸಿರನ್ನು ಎಲ್ಲಿ ತೆಗೆದುಕೊಳ್ಳಬೇಕೆಂದು ಸ್ಕ್ರಿಪ್ಟಿನಲ್ಲೇ ಗೆರೆ ಹಾಕಿಕೊಡಿ. ಫ್ಯಾನು ಪೂರ್ತಿ ತಿರುಗುತ್ತಿರುವ ಹಾಲಿನಲ್ಲಿ, ಕೊನೆಯ ಗೋಡೆಯ ಬಳಿ ಒಬ್ಬರನ್ನು ನಿಲ್ಲಿಸಿ ತಾಲೀಮು ಮಾಡಿಸಿ. ಮೈಕಿನತ್ತ ಓಡುವ ಅಭ್ಯಾಸ ಬೆಳೆಯಲೇಬಾರದು.

ಮಾತು ಮರೆತರೆ? ಪಕ್ಕದಿಂದ ಮೇಷ್ಟ್ರು ಪಿಸುಗುಡುವುದು ಮೂರನೆಯ ಸಾಲಿಗೂ ಕೇಳುತ್ತದೆ. ಅದರ ಬದಲು ಪ್ರತಿಯೊಬ್ಬರೂ ತಮ್ಮ ಮುಂದಿನವರ ಮಾತಿನ ಸಾರಾಂಶ ಕಲಿತಿರಲಿ. ವಾರಕ್ಕೊಮ್ಮೆ ಪಾತ್ರಗಳನ್ನು ಅದಲುಬದಲು ಮಾಡಿ ಆಡಿಸಿ. ಮಕ್ಕಳಿಗೆ ಇದು ಬಲು ಇಷ್ಟದ ದಿನ, ಯಾರಿಗಾದರೂ ಜ್ವರ ಬಂದರೂ ನಾಟಕ ನಿಲ್ಲುವುದಿಲ್ಲ.

ಸ್ಪರ್ಧೆಯ ದಿನ

ಬೆಳಿಗ್ಗೆಯೇ ರಂಗವನ್ನು ಹೆಜ್ಜೆಯಿಂದ ಅಳೆಯಿರಿ. ಶಾಲೆಯಲ್ಲಿ 20 ಅಡಿ ಅಗಲದಲ್ಲಿ ಆಡಿದ್ದು ಇಲ್ಲಿ 35 ಅಡಿ ಇರಬಹುದು. ಇಡೀ ರಂಗ ತುಂಬಲು ಹೋಗದೆ ನಡುವಿನ 20 ಅಡಿಯನ್ನೇ ಸೀಮೆಸುಣ್ಣದಲ್ಲಿ ಗುರುತು ಮಾಡಿಕೊಂಡು ಆಡಿ. ಚೀಟಿ ಎತ್ತಿದಾಗ ಮೊದಲ ಸರದಿ ಬಂದರೆ ಮುಖ ಸಪ್ಪಗೆ ಮಾಡಿಕೊಳ್ಳುವುದುಂಟು, ನಿಜವಾಗಿ ಕಷ್ಟ ಊಟದ ನಂತರದ ಸರದಿ. ಆಗ ಮೊದಲ ದೃಶ್ಯದಲ್ಲಿ ಮೇಳ ಪ್ರೇಕ್ಷಕರ ಹಿಂದಿನಿಂದ ದಮ್ಮಡಿ ಬಾರಿಸುತ್ತಾ ಬರಲಿ. ಆಟಕ್ಕೆ ಎರಡು ಗಂಟೆ ಮೊದಲು ಇಡ್ಲಿ, ಬಾಳೆಹಣ್ಣು. ಕರಿದ ತಿಂಡಿ, ಐಸ್‌ಕ್ರೀಮ್ ಆಟ ಮುಗಿದ ಮೇಲೆ.

ಉಳಿದ ತಂಡಗಳ ನಾಟಕವನ್ನು ಮಕ್ಕಳು ಕೂತು ನೋಡಲೇಬೇಕು. ನೇಪಥ್ಯದಲ್ಲಿ ಬಣ್ಣ ಹಚ್ಚಿಕೊಂಡು ಮೂರು ಗಂಟೆ ನಡುಗುವುದಕ್ಕಿಂತ, ಬೇರೆ ಶಾಲೆಯವರು ತಮಗೆ ಹೊಳೆಯದ ಉಪಾಯ ಮಾಡಿದಾಗ ಎದ್ದು ಚಪ್ಪಾಳೆ ತಟ್ಟುವುದು ಅವರನ್ನು ಒಳ್ಳೆಯ ನಟರನ್ನಾಗಿ ಮಾಡುತ್ತದೆ. ಬಣ್ಣಕ್ಕೆ ಕೊನೆಯ 40 ನಿಮಿಷ ಸಾಕು.

ಮುಂದಿನ ಹಂತಕ್ಕೆ ಆಯ್ಕೆಯಾದರೆ ಅಂದೇ ಸಂಜೆ, ನೆನಪು ಹಸಿಯಾಗಿರುವಾಗ, ಪ್ರೇಕ್ಷಕರು ಎಲ್ಲೆಲ್ಲಿ ಗದ್ದಲ ಮಾಡಿದರೆಂದು ಮಕ್ಕಳಿಂದಲೇ ಸ್ಕ್ರಿಪ್ಟಿನಲ್ಲಿ ಗುರುತು ಹಾಕಿಸಿ. ಆ ಜಾಗಗಳನ್ನಷ್ಟೇ ತಿದ್ದಿ, ಚೆನ್ನಾಗಿ ನಡೆದದ್ದನ್ನು ಮುಟ್ಟಬೇಡಿ. ರಾಜ್ಯದಾಚೆ ಹೋಗುವಾಗ ಕನ್ನಡ ಬಾರದ ತೀರ್ಪುಗಾರರೂ ಇರಬಹುದು. ಸಾರಾಂಶವನ್ನು ಒಂದೇ ಪುಟಕ್ಕೆ, ದೃಶ್ಯದ ಕ್ರಮದಲ್ಲೇ ಬರೆದುಕೊಡಿ. ಮಾತಿಲ್ಲದೆಯೂ ಕಥೆ ಅರ್ಥವಾಗುತ್ತದೆಯೇ ಎಂದು ಒಂದಿಡೀ ತಾಲೀಮನ್ನು ಮೂಕಾಭಿನಯದಲ್ಲೇ ಆಡಿಸಿ ನೋಡಿ. ಮುಖವಾಡಗಳನ್ನು ಬೇವಿನ ಎಲೆ ಹಾಕಿದ ಪೆಟ್ಟಿಗೆಯಲ್ಲಿ, ಒಂದರ ಮೇಲೊಂದು ಒತ್ತದಂತೆ ಇಡಿ.