ಹಳೆ ಎಂಟಿಬಿಗೆ (ಮೌಂಟನ್ ಬೈಕ್ ಸೈಕಲ್ಲಿಗೆ) ಡಿಸ್ಕ್ ಬ್ರೇಕ್ ಹಾಕಿಸೋ ಮುಂಚೆ ಇಷ್ಟು ನೋಡಿ

ಮಳೆಗಾಲದಲ್ಲಿ ಹುಬ್ಬಳ್ಳಿಯ ನೃಪತುಂಗ ಬೆಟ್ಟ ಇಳಿಯುವಾಗ ವಿ-ಬ್ರೇಕ್ (ರಿಮ್ಮನ್ನು ಹಿಡಿಯುವ ಬ್ರೇಕ್) ಸರಿಯಾಗಿ ಹಿಡಿಯಲ್ಲ ಅಂತ ಡಿಸ್ಕ್ ಹಾಕಿಸಲು ಹೊರಟವರು ಮೊದಲು ಫ್ರೇಮ್ ನೋಡಿ. ಹಿಂದಿನ ಚಕ್ರದ ಎಡಗಡೆ, ಆಕ್ಸಲ್ ಹತ್ತಿರ, 51 ಮಿ.ಮೀ. ಅಂತರದಲ್ಲಿ ಎರಡು ತೂತು ಇವೆಯಾ? ಹಳೆ ಎಂಟಿಬಿಗಳಲ್ಲಿ ಕ್ಯಾಲಿಪರ್ (ಪ್ಯಾಡ್‌ಗಳಿಂದ ಡಿಸ್ಕನ್ನು ಹಿಡಿಯುವ ಭಾಗ) ಕೂರೋದು ಸಾಮಾನ್ಯವಾಗಿ ಅಲ್ಲೇ. ಇಲ್ಲ ಅಂದ್ರೆ ಅಲ್ಯೂಮಿನಿಯಂ ಫ್ರೇಮಿಗೆ ವೆಲ್ಡಿಂಗ್ ಮಾಡಿಸಲು ಮಾತ್ರ ಹೋಗಬೇಡಿ, ಶಾಖಕ್ಕೆ ಆ ಜಾಗ ಬಲ ಕಳೆದುಕೊಳ್ಳುತ್ತದೆ. ಮುಂದೆ ಮಾತ್ರ ಹಾಕಿಸಿ, ಸಾಕು. ಅದಕ್ಕೆ ಕ್ಯಾಲಿಪರ್ ಕೂರಿಸಲು ಜಾಗ (ಡಿಸ್ಕ್ ಮೌಂಟ್) ಇರುವ ಫೋರ್ಕ್, ಡಿಸ್ಕ್ ಕೂರಿಸಬಹುದಾದ ಹಬ್ ಇರುವ ಚಕ್ರ ಬೇಕು. ಜೋರಾಗಿ ನಿಲ್ಲಿಸುವಾಗ ಭಾರ ಮುಂದಕ್ಕೆ ಬರುತ್ತದೆ, ಹಾಗಾಗಿ ಹೆಚ್ಚಿನ ಕೆಲಸ ಮುಂದಿನ ಬ್ರೇಕಿನದೇ ಅಲ್ವಾ.

ದ್ರವದ ಒತ್ತಡದಿಂದ ನಡೆಯುವ ಹೈಡ್ರಾಲಿಕ್ ಡಿಸ್ಕ್ ಚೆನ್ನಾಗಿದೆ, ಆದರೆ ಹಳೆ ಸೈಕಲ್ಲಿಗೆ ಕೇಬಲ್ ಡಿಸ್ಕೇ ಒಳ್ಳೇದು, ರಿಪೇರಿ ಸುಲಭ. ವಿ-ಬ್ರೇಕ್ ಲಿವರ್‌ಗಳನ್ನೇ ಉಳಿಸಿಕೊಳ್ಳೋದಾದರೆ ಲಾಂಗ್ ಪುಲ್ ಕ್ಯಾಲಿಪರ್ (ಹೆಚ್ಚು ಕೇಬಲ್ ಎಳೆಯುವ ಲಿವರ್‌ಗೆ ಹೊಂದುವಂಥದ್ದು) ಅಂತಲೇ ಕೇಳಿ ತಗೊಳ್ಳಿ. ರೋಡ್ ಸೈಕಲ್ಲಿನ ಶಾರ್ಟ್ ಪುಲ್ ಹಾಕಿದರೆ ಲಿವರ್ ಕಲ್ಲಿನಂತೆ ಗಟ್ಟಿಯಾಗುತ್ತದೆ, ಬ್ರೇಕ್ ಮಾತ್ರ ಹಿಡಿಯಲ್ಲ. 160 ಮಿ.ಮೀ. ರೋಟರ್ (ಡಿಸ್ಕ್ ತಟ್ಟೆ) ಧಾರಾಳ ಸಾಕು. ಅದರ ಆರು ಬೋಲ್ಟ್‌ಗಳನ್ನು ಎದುರುಬದುರಾಗಿ, ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ.

ಹೊಸ ಪ್ಯಾಡ್ ಮೊದಲ ದಿನವೇ ಪೂರ್ತಿ ಹಿಡಿಯಲ್ಲ. ಖಾಲಿ ರಸ್ತೆಯಲ್ಲಿ ಒಂದಿಪ್ಪತ್ತು ಸಲ ವೇಗ ತಗೊಂಡು, ಪೂರ್ತಿ ನಿಲ್ಲಿಸದೆ, ನಡಿಗೆಯಷ್ಟು ನಿಧಾನಕ್ಕೆ ತನ್ನಿ. ಆಮೇಲೆ ಬೆಟ್ಟಕ್ಕೆ ಹೋಗಿ. ಚೈನಿಗೆ ಎಣ್ಣೆ ಬಿಡುವಾಗ ರೋಟರಿಗೆ ಬಟ್ಟೆ ಮುಚ್ಚಿ, ಒಂದು ಹನಿ ತಾಗಿದರೂ ಪ್ಯಾಡ್ ಕೆಟ್ಟುಹೋಗಬಹುದು.