ಹೊನ್ನೆ ಲೋಟದ ನೀರು, ಹೊನ್ನೆ ಅಂಟು: ಬಳಸುವ ಕ್ರಮ

ಹೊನ್ನೆ ಮರದಲ್ಲಿ ಮದ್ದಿಗೆ ಬರುವುದು ಮುಖ್ಯವಾಗಿ ಎರಡು: ಒಳಗಿನ ಚೇಗು (ಕಾಂಡದ ನಡುವಿನ ಗಟ್ಟಿ ಮರ) ಮತ್ತು ತೊಗಟೆಯಿಂದ ಒಸರುವ ಕೆಂಪು ಅಂಟು. ಚೇಗಿನಿಂದ ಮಾಡಿದ ಲೋಟದಲ್ಲಿ ನೆನೆದ ನೀರನ್ನು ಸಕ್ಕರೆ ಕಾಯಿಲೆಗೆಂದು ಕುಡಿಯುತ್ತಾರೆ. ಸಂಸ್ಕೃತದಲ್ಲಿ ಇದೇ ವಿಜಯಸಾರ.

ಲೋಟ ಕೊಂಡ ಕೂಡಲೇ ಪರೀಕ್ಷಿಸಿ. ನೀರು ತುಂಬಿ ಕೆಲವು ಗಂಟೆ ಬಿಟ್ಟರೆ ಕಂದು ಹಳದಿ ಬಣ್ಣ ಬರಬೇಕು. ಆ ನೀರನ್ನು ಗಾಜಿನ ಲೋಟಕ್ಕೆ ಸುರಿದು, ಹಿಂದೆ ಕಪ್ಪು ಬಟ್ಟೆ ಹಿಡಿದು ಬಿಸಿಲಲ್ಲಿ ನೋಡಿ. ಅಂಚಿನಲ್ಲಿ ನೀಲಿ ಹೊಳಪು ಕಾಣುತ್ತದೆ. ಮರದ ಲೋಟಕ್ಕೆ ಸುರಿದ ತಕ್ಷಣವೇ ನೀರು ಗಾಢ ಕೆಂಪಾದರೆ, ನೀಲಿಯೇ ಕಾಣದಿದ್ದರೆ ಬಣ್ಣ ಹಚ್ಚಿದ ಬೇರೆ ಮರವೆಂದು ಅನುಮಾನಿಸಿ, ಕುಡಿಯಬೇಡಿ.

ಮೊದಲ ಎರಡು ಮೂರು ದಿನದ ನೀರು ಚೆಲ್ಲಿ. ಆಮೇಲೆ ರಾತ್ರಿ 200 ಮಿ.ಲೀ. ಕುಡಿಯುವ ನೀರು ಹಾಕಿ ಮುಚ್ಚಿಡಿ, 8-10 ಗಂಟೆ ಬಿಟ್ಟು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಕುಡಿಯಿರಿ. ಸೋಪು ಬೇಡ, ಕುದಿನೀರೂ ಬೇಡ. ತೊಳೆದು ನೆರಳಲ್ಲಿ ಬೋರಲು ಹಾಕಿ: ಬಿಸಿಲಿಗೆ ಇಟ್ಟರೆ ಸೀಳುತ್ತದೆ, ಒದ್ದೆ ಬಿಟ್ಟರೆ ಬೂಷ್ಟು ಹಿಡಿಯುತ್ತದೆ. ಬಣ್ಣ ತೆಳುವಾದಾಗ ಒಳಗೆ ಸಣ್ಣ ಉಪ್ಪುಕಾಗದದಿಂದ ಉಜ್ಜಿ. ಆಗಲೂ ಬಿಡದಿದ್ದರೆ ಲೋಟದ ಕೆಲಸ ಮುಗಿಯಿತು.

ಸಕ್ಕರೆ ಕಾಯಿಲೆಗೆ ಇದು ಎಷ್ಟು ಕೆಲಸ ಮಾಡುತ್ತದೆ? 1998ರಲ್ಲಿ ಪ್ರಕಟವಾದ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಅಧ್ಯಯನದಲ್ಲಿ, ಹೊಸದಾಗಿ ಕಾಯಿಲೆ ಪತ್ತೆಯಾದ 97 ಮಂದಿಯಲ್ಲಿ 67 ಮಂದಿಗೆ 12 ವಾರದೊಳಗೆ ಸಕ್ಕರೆ ಹತೋಟಿಗೆ ಬಂತು. ಆದರೆ ಅವರಿಗೆ ಕೊಟ್ಟದ್ದು ದಿನಕ್ಕೆ 2ರಿಂದ 4 ಗ್ರಾಂ ಸಾರ, ಲೋಟದ ನೀರಲ್ಲ. ಆದ್ದರಿಂದ ಲೋಟ ನಂಬಿ ಮಾತ್ರೆ ಬಿಡುವುದು ಅಪಾಯ. ಇನ್ಸುಲಿನ್ ಅಥವಾ ಮಾತ್ರೆಯಲ್ಲಿರುವವರು ವೈದ್ಯರಿಗೆ ಹೇಳಿಯೇ ಶುರುಮಾಡಿ. ಎರಡೂ ಸೇರಿ ಸಕ್ಕರೆ ತೀರಾ ಇಳಿದರೆ ಬೆವರು, ನಡುಕ, ತಲೆಸುತ್ತು ಬರುತ್ತದೆ. ಗರ್ಭಿಣಿಯರು ಕುಡಿಯಬೇಡಿ.

ಅಂಟಿನ ಗುಣವೇ ಬೇರೆ. ತೊಗಟೆಗೆ ಕಚ್ಚು ಬಿದ್ದಾಗ ರಕ್ತದಂತೆ ಒಸರಿ, ಒಣಗಿ ಕಪ್ಪುಗೆಂಪು ಹರಳಾಗುತ್ತದೆ. ಒಳ್ಳೆಯ ಅಂಟು ಪಟ್ಟನೆ ಒಡೆಯುತ್ತದೆ, ತೆಳು ಚೂರನ್ನು ಬೆಳಕಿಗೆ ಹಿಡಿದರೆ ಮಾಣಿಕ್ಯದ ಕೆಂಪು. ಅದರ ಒಗರೇ ಮದ್ದು. ವಸಡು ಸಡಿಲಾಗಿ ರಕ್ತ ಬರುವಾಗ, ಗಂಟಲು ಕೆರೆಯುವಾಗ ಎರಡು ಚಿಟಿಕೆ ಪುಡಿಯನ್ನು ಒಂದು ಲೋಟ ಬಿಸಿನೀರಿನಲ್ಲಿ ಕರಗಿಸಿ, ಬೆಚ್ಚಗಿರುವಾಗಲೇ ಮುಕ್ಕಳಿಸಿ ಉಗುಳಿ. ತಣ್ಣಗಾದರೆ ನೀರು ಕದಡುತ್ತದೆ. ಕಬ್ಬಿಣದ ಪಾತ್ರೆ ಮುಟ್ಟಿಸಬೇಡಿ, ಒಗರಿನ ಅಂಶ ಕಬ್ಬಿಣದೊಡನೆ ಸೇರಿ ಕಪ್ಪಾಗುತ್ತದೆ. ಅದೇ ಕಾರಣಕ್ಕೆ ಕಬ್ಬಿಣದ ಮಾತ್ರೆ ನುಂಗುವವರು ಹೊನ್ನೆ ನೀರಿಗೂ ಮಾತ್ರೆಗೂ ಕನಿಷ್ಠ 2 ಗಂಟೆ ಅಂತರ ಇಡಿ.

ಅಂಟನ್ನು ಗ್ರಂಧಿಗೆ ಅಂಗಡಿಯಿಂದಲೇ ತನ್ನಿ. ಕಾಡಿನ ಮರಕ್ಕೆ ಅನುಮತಿಯಿಲ್ಲದೆ ಕಚ್ಚು ಹಾಕುವುದು ಅಪರಾಧ, ಸುತ್ತಲೂ ತೊಗಟೆ ಸುಲಿದರೆ ಮರ ಒಣಗಿ ಸಾಯುತ್ತದೆ.