ಗೋವಾ ಲಗ್ನಕ್ಕೆ ಖಾದಿ: ನಾನು ಹೊಲಿದು ಗೆದ್ದ ಬಗೆ

ಕಳೆದ ಮೇ ತಿಂಗಳಲ್ಲಿ ದಕ್ಷಿಣ ಗೋವಾದ ಬೀಚಿನಲ್ಲಿ ನಡೆದ ಒಂದು ಲಗ್ನಕ್ಕೆ 11 ಗಂಡಸರಿಗೆ ಪೂರ್ತಿ ಖಾದಿಯಲ್ಲೇ ಹೊಲಿದುಕೊಟ್ಟೆ. ಒಂದೂ ವಾಪಸ್ ಬರಲಿಲ್ಲ. ಹುಬ್ಬಳ್ಳಿಯ ದುರ್ಗದ ಬೈಲಿನ ಸುತ್ತಮುತ್ತ ನಮ್ಮ ಟೇಲರ್ ಧಂದೆಯವರು ಯಾರೂ ಇದನ್ನು ನಂಬಿರಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಸೋತ ಕತೆ. ಅದರ ಹಿಂದಿನ ವರ್ಷ ಗೋಕರ್ಣದ ಲಗ್ನಕ್ಕೆ ಐದು ಶೇರ್ವಾನಿ ಹೊಲಿದಿದ್ದೆ. ಬ್ರೊಕೇಡ್ ಬಟ್ಟೆ, ಒಳಗೆ ಪಾಲಿಯೆಸ್ಟರ್ ಅಸ್ತರ, ಎದೆ ಗಟ್ಟಿ ನಿಲ್ಲಲಿ ಅಂತ ಫ್ಯೂಸಿಂಗ್, ಅಂದರೆ ಇಸ್ತ್ರಿ ಬಿಸಿಗೆ ಅಂಟುವ ಒಳಪದರ. ಅಂಗಡಿಯಲ್ಲಿ ಟ್ರಯಲ್ ನೋಡಿದಾಗ ಚೆಂದ ಕೂತಿತ್ತು. ಅಲ್ಲಿ ಅಕ್ಕಿಕಾಳು ಬೀಳುವಷ್ಟರಲ್ಲಿ ಬೆನ್ನು, ಬಗಲು ತೊಯ್ದು, ಫ್ಯೂಸಿಂಗ್ ಗುಳ್ಳೆ ಎದ್ದು, ಮರೂನ್ ಬಣ್ಣ ಒಳಗಿನ ಬಿಳಿ ಬನಿಯನ್ನಿಗೆ ಇಳಿದಿತ್ತು. ಹುಡುಗನ ಅಪ್ಪ ಬಂದು ಅದನ್ನು ನನ್ನ ಕಟಿಂಗ್ ಟೇಬಲ್ ಮೇಲೆ ಹರವಿದರು. ಬೈಯಲಿಲ್ಲ. ಅದೇ ಜಾಸ್ತಿ ನೋವಾಯಿತು. ಹೊಲಿಗೆ ಕೂಲಿ ಪೂರ್ತಿ ವಾಪಸ್ ಕೊಟ್ಟೆ, 20 ಸಾವಿರದ ಮೇಲೆಯೇ ಹೋಯಿತು.

ಹುಬ್ಬಳ್ಳಿಯದು ಒಣ ಬಿಸಿಲು. 37 ಡಿಗ್ರಿ ಇದ್ದರೂ ಬೆವರು ಆರುತ್ತದೆ. ಕರಾವಳಿಯಲ್ಲಿ 33 ಇದ್ದರೂ ಆರಲ್ಲ. ಇದನ್ನು ನನ್ನ ಮೈಮೇಲೇ ನೋಡಬೇಕು ಅಂತ ನಾಲ್ಕು ಭಾನುವಾರ ನಾಲ್ಕು ಬಗೆಯ ಅಂಗಿ ಹಾಕಿಕೊಂಡು ಅಂಕೋಲಾ ಬಸ್ ಹತ್ತಿದೆ. ಯಲ್ಲಾಪುರದವರೆಗೆ ಎಲ್ಲ ಅಂಗಿಯೂ ಒಂದೇ. ಅರಬೈಲ್ ಘಟ್ಟ ಇಳಿದ ಮೇಲೆ ಅದರದರ ಗುಣ ತೋರಿಸಿದವು. ಟೆರಿಕಾಟ್ ಬೆನ್ನಿಗೆ ಅಂಟಿತು. ಲಿನನ್ ತಂಪಾಗಿತ್ತು, ಆದರೆ ಸೀಟಿನಿಂದ ಏಳುವಷ್ಟರಲ್ಲಿ ಮುದುಡಿ ಮುದ್ದೆ. ಒತ್ತಾದ ಮಿಲ್ ಕಾಟನ್ ಬೆವರು ಕುಡಿದು ಭಾರವಾಯಿತು. ಖಾದಿ ಮಾತ್ರ ತೊಯ್ದರೂ ಮೈಬಿಟ್ಟು ನಿಂತಿತ್ತು. ಕೈನೂಲು ಒಂದೇ ಸಮ ಇರಲ್ಲ ನೋಡಿ, ಆ ಗಂಟು ಗಂಟಿನ ನಡುವೆ ಗಾಳಿ ಆಡುತ್ತದೆ.

ಗೋವಾ ಲಗ್ನದವರಿಗೆ ಇದನ್ನು ಹೇಳಿದರೆ ಹುಡುಗನ ಕಾಕಾ ಒಪ್ಪಲೇ ಇಲ್ಲ. "ಅಲ್ರೀ ಮಾಸ್ತರ, ಖಾದಿ ಹಾಕ್ಕೊಂಡು ನಿಂತ್ರ ಬೀಗರು ನಮ್ಮನ್ನ ಎಲೆಕ್ಷನ್‌ಗೆ ನಿಂತಾರ ಅಂತಾರ್ರೀ!" ದೇಶಕ್ಕೆ ಬಾವುಟ ಹೊಲಿದು ಕಳಿಸುವ ಬೆಂಗೇರಿ ಇರುವುದು ಹುಬ್ಬಳ್ಳಿಯಲ್ಲೇ, ಬಾವುಟದ ಬಟ್ಟೆ ನೇಯುವ ಗರಗ ಧಾರವಾಡದ ಮಗ್ಗುಲಲ್ಲೇ. ಆದರೂ ಖಾದಿ ಅಂದರೆ ನಮ್ಮ ಮಂದಿಗೆ ಭಾಷಣ ಮಾಡುವವರ ಅಂಗಿ. ಒಂದು ಹೊಲಿದು ತೋರಿಸುತ್ತೇನೆ, ಬೇಡವಾದರೆ ದುಡ್ಡು ಬೇಡ ಅಂದೆ.

ಅಲ್ಲೂ ಒಮ್ಮೆ ಕೈ ಸುಟ್ಟಿತು. ಬಟ್ಟೆಯನ್ನು ಒಂದೇ ಸಲ ನೆನೆಸಿ ಕತ್ತರಿಸಿದ್ದೆ. ಹೊಲಿದು ಒಗೆದ ಮೇಲೆ ತೋಳು ಒಂದೂವರೆ ಇಂಚು ಮೇಲೆ ಹೋಯಿತು. ಮೂರು ಅಂಗಿ, ಹೆಚ್ಚುಕಡಿಮೆ 8 ಮೀಟರ್ ಹಾಳು. ಈಗ ಮೂರು ಸಲ ನೆನೆಸಿ, ನೆರಳಲ್ಲಿ ಆರಿಸಿಯೇ ಕತ್ತರಿ ಹಿಡಿಯುವುದು. ಕೊನೆಯ ನೀರಿಗೆ ಒಂದು ಸಾಮಾನು ಹಾಕುತ್ತೇನೆ, ಇಸ್ತ್ರಿ ಗೆರೆ ಸಂಜೆವರೆಗೂ ನಿಲ್ಲುವುದು ಅದರಿಂದಲೇ. ಅದು ನನ್ನ ಹತ್ತಿರವೇ ಇರಲಿ.

ಅಸ್ತರ ಪೂರ್ತಿ ತೆಗೆದೆ. ಭುಜಕ್ಕೆ ಮಾತ್ರ ಮಲ್‌ಮಲ್, ತೆಳು ಹತ್ತಿಬಟ್ಟೆ. ಕಾಲರಿಗೆ ಫ್ಯೂಸಿಂಗ್ ಬಿಟ್ಟು ಅದೇ ಖಾದಿಯ ಎರಡು ಪದರ. ಒಳಗಿನ ಹೊಲಿಗೆ ಅಂಚುಗಳನ್ನು ಮಡಚಿ ಮುಚ್ಚಿ ಹೊಲಿದೆ, ಇಲ್ಲಾಂದ್ರೆ ತೊಯ್ದ ಮೈಗೆ ಕೆರೆಯುತ್ತದೆ. ಬಗಲಿಗೆ ಹಳೇ ನೆಹರೂ ಶರ್ಟಿನಂತೆ ಚೌಕ ತುಂಡು. ಅದರ ಅಳತೆಗೆ ನನಗೆ ಎರಡು ತಿಂಗಳು ಹಿಡಿಯಿತು, ಬೇಕಾದವರು ಅಂಗಡಿಗೆ ಬನ್ನಿ. ಗುಂಡಿ ತೆಂಗಿನ ಚಿಪ್ಪಿನವು, ಲೋಹದವು ಬಿಸಿಲಿಗೆ ಕಾದು ಎದೆ ಸುಡುತ್ತವೆ. ಬಣ್ಣದಲ್ಲಿ ಬೂದಿ ಮತ್ತು ತಿಳಿನೀಲಿಯನ್ನು ಮುಟ್ಟಲೇ ಇಲ್ಲ. ಒಂದು ಹನಿ ಬೆವರು ಬಿದ್ದರೂ ಕಪ್ಪಗೆ ಕಾಣುತ್ತದೆ. ಬಿಳಿ, ಕೋರಾ (ಬಿಳಿ ಮಾಡದ ಹತ್ತಿಯ ಬಣ್ಣ), ಕಡುನೀಲಿ ಮಾತ್ರ.

ನಡುವೆ ಇನ್ನೊಂದು ಹುಚ್ಚು. ಗುಳೇದಗುಡ್ಡದ ಖಣ ತಂದು ಕಾಲರಿನ ಒಳಗೆ, ಗುಂಡಿಪಟ್ಟಿಗೆ ಸಣ್ಣ ಪಟ್ಟಿ ಕೊಟ್ಟೆ. ಮನೆಯವಳು, "ಕುಪ್ಪಸದ ಅರಿವಿ ಗಂಡಸರಿಗೆ ಯಾಕ್ರೀ?" ಅಂದಳು. ಕಾಕಾನಿಗೆ ಹಿಡಿಸಿದ್ದೇ ಅದು! ಖಾದಿ ಒಪ್ಪಿದ್ದೂ ಅದನ್ನು ನೋಡಿಯೇ. ಧೋತರಕ್ಕೂ ಒಂದು ಪ್ರಯೋಗ ಮಾಡಿದೆ, ಸಮುದ್ರದ ಗಾಳಿಗೆ ಹಾರಬಾರದು ಅಂತ ಅಂಚಿನೊಳಗೆ ದಪ್ಪ ಲಾಡಿ ಕೂಡಿಸಿದೆ. ನಡೆದರೆ ಕಾಲಿಗೆ ಸುತ್ತಿಕೊಂಡಿತು, ಬಿಟ್ಟೆ. ಅದರ ಬದಲು ಸಡಿಲ ಪೈಜಾಮ.

ಖರ್ಚು ಹೇಳಬೇಕಲ್ವಾ? ಬಟ್ಟೆ ಮೀಟರಿಗೆ 350ರಿಂದ 400 ಬಿದ್ದಿತ್ತು. ಅಂಗಿ, ಪೈಜಾಮ, ಮೇಲೊಂದು ಜಾಕೀಟು ಸೇರಿ ಒಬ್ಬರಿಗೆ ಬಟ್ಟೆಯೇ 3 ಸಾವಿರ, ಕೂಲಿ 2,200. ಬ್ರೊಕೇಡಿನ ಅರ್ಧವೂ ಆಗಲಿಲ್ಲ.

ಲಗ್ನಕ್ಕೆ ನನ್ನನ್ನೂ ಕರೆದಿದ್ದರು. ಸಂಜೆ ನಾಲ್ಕಕ್ಕೆ ಮರಳಲ್ಲಿ ಮಂಟಪ. ಬೀಗರ ಕಡೆ ಸೂಟು ಹಾಕಿದ್ದವರು ಕೋಟು ಬಿಚ್ಚಿ ಕುರ್ಚಿಗೆ ಹಾಕಿ, ಕರವಸ್ತ್ರದಿಂದ ಕುತ್ತಿಗೆ ಒರೆಸುತ್ತಿದ್ದರು. ನಮ್ಮವರು 11 ಮಂದಿ ರಾತ್ರಿ ಊಟದವರೆಗೂ ಜಾಕೀಟು ತೆಗೆಯಲಿಲ್ಲ. ಕಾಕಾ ನನ್ನ ಕೈ ಹಿಡಿದು ತಮ್ಮ ಬೆನ್ನಿಗೆ ಇಟ್ಟುಕೊಂಡರು. ಬಟ್ಟೆ ಸ್ವಲ್ಪ ತಣ್ಣಗಿತ್ತು, ಅಷ್ಟೇ. "ಮುಂದಿನ ವರ್ಷ ನಮ್ಮ ಹುಡುಗನ ಲಗ್ನಾನೂ ಇಲ್ಲೇ ಮಾಸ್ತರ" ಅಂದರು. ಅಡ್ವಾನ್ಸ್ 10 ಸಾವಿರ ಕೊಟ್ಟಾಗಿದೆ, ಈ ಸಲ 16 ಜನ.